ಇಬ್ಬರಿಗೂ ಇಂಜೆಕ್ಷನ್

"ನಮ್ಮನೆಗೆ ಸಿಫಿಲಿಸ್ ತಂದ ಮಹಾತಾಯಿ ನೀನೇ ಕಣೆ!" ಅತ್ತೆ ಲುದಿಂಗ್ ಕೂಗಿದ್ದು ಫಿಲಿಪೀನ್ಸಿನ ಇಲೋಯ್ಲೋ ಆಸ್ಪತ್ರೆಯ ಬೆಂಚುಗಳಲ್ಲಿ ಕೂತಿದ್ದ ಬಸುರಿಯರಿಗೆಲ್ಲ ಕೇಳಿಸಿತು. "ನನ್ನ ಮಗ ಹಡಗಲ್ಲಿ ಮೈಮುರಿದು ದುಡೀತಿದ್ರೆ, ನೀನಿಲ್ಲಿ ಯಾರ ಜೊತೆ ಮಲಗಿದ್ದೆ?"

ತುಂಬು ಬಸುರಿ ಅನಲಿನ್ ಆಗತಾನೇ ಪೆನ್ಸಿಲಿನ್ ಚುಚ್ಚಿಸಿಕೊಂಡು, ನೋವಿಗೆ ಸೊಂಟ ಒತ್ತಿಹಿಡಿದು ನಿಂತಿದ್ದಳು. ಹಡಗಿನಿಂದ ರಜೆಗೆ ಬಂದಿದ್ದ ಗಂಡ ರೊಡೆಲ್ ತಾಯಿಯನ್ನು ತಡೆಯಲಿಲ್ಲ. "ಗಂಡನಿಗೂ ಹಾಕದಿದ್ರೆ ಇವ್ಳಿಗೆ ಮತ್ತೆ ಅಂಟುತ್ತೆ, ಮಗುವಿಗೂ ತಗಲುತ್ತೆ. ಬಾರಪ್ಪ ಒಳಗೆ," ಎಂದು ನರ್ಸ್ ಗದರಿದಳು.

ಅತ್ತೆ ಸೊಸೆ ಇಬ್ಬರೂ ಹಿಂದೆಯೇ ಬಂದು ಬಾಗಿಲ ಪರದೆಯ ಬಳಿ ನಿಂತರು. ರೊಡೆಲ್ ಹೇಳಿಸಿಕೊಳ್ಳದೆಯೇ ಮಂಚದ ಮೇಲೆ ಬೋರಲು ಮಲಗಿ ಪ್ಯಾಂಟು ಸಡಿಲಿಸಿದ. ನರ್ಸ್ ಸಿರಿಂಜ್ ಎತ್ತಿದ್ದೇ ತಡ, "ಸಿಸ್ಟರ್, ಈ ಸಲ ಎಡಗಡೆ ಹಾಕಿ. ಹೋದ ಸಲ ಇದನ್ನೇ ಬಲಗಡೆ ಹಾಕಿಸ್ಕೊಂಡು, ಹಡಗಲ್ಲಿ ವಾರವೆಲ್ಲ ಕುಂಟಿದೆ," ಎಂದುಬಿಟ್ಟ.

ನರ್ಸಿನ ಕೈ ಅಲ್ಲೇ ನಿಂತಿತು.

"ಹೋದ ಸಲ ಅಂದ್ರೆ ಯಾವಾಗ?" ಅನಲಿನ್ ಕೇಳಿದಳು. ರೊಡೆಲ್ ದಿಂಬಿನಲ್ಲಿ ಮುಖ ಹುದುಗಿಸಿದ.

"ಪರದೆ ಎಳಿಯೇ ನನ್ನವ್ವ, ಜನ ನೋಡ್ತಿದಾರೆ," ಎಂದು ಅತ್ತೆ ಪಿಸುಗುಟ್ಟಿದಳು.

"ನೋಡ್ಲಿ ಬಿಡಿ, ಅತ್ತೆ," ಎಂದು ಅನಲಿನ್ ಅರ್ಧ ಮುಚ್ಚಿದ್ದ ಪರದೆಯನ್ನು ಪೂರ್ತಿ ಸರಿಸಿ ತೆರೆದಳು.