ಮಂಚಕ್ಕೆ ಕಟ್ಟಿದ ಹೆಸರು

ಮೈಕಿನಲ್ಲಿ ಕೂಗಿದ್ದು ರೋಹನನ ಹೆಸರು. ಆಸ್ಪತ್ರೆಯ ಮಂಚಕ್ಕೆ ಕಟ್ಟಿದ ಚೀಟಿಯಲ್ಲಿದ್ದುದೂ ಅದೇ ಹೆಸರು. ಮಂಚದ ಮೇಲೆ ಮಲಗಿದ್ದವನು ಮಾತ್ರ ಸೋಮ.

ಅದನ್ನು ಹೇಳಲು ಅವನಿಗೆ ದನಿಯಿರಲಿಲ್ಲ. ಹೊಗೆ ಕುಡಿದ ಗಂಟಲಿಗೆ ತೂತು ಕೊರೆದು ನಳಿಗೆ ಇಟ್ಟಿದ್ದರು. ಕೈಗಳೆರಡೂ ಹತ್ತಿಯ ಮೂಟೆ. ಮುಖದಲ್ಲಿ ಕಣ್ಣಿಗೆ ಎರಡು ಕಿಂಡಿ, ಉಳಿದದ್ದೆಲ್ಲ ಬ್ಯಾಂಡೇಜು.

ತಪ್ಪು ಯಾರದೂ ಅಲ್ಲ. ವಂಡ್ಸೆಯ ಕೊಯ್ಲಾದ ಗದ್ದೆಗಳಲ್ಲಿ ಕಾರ್ ರೇಸು ನಡೆಸುವವರು ಕಂಬಳ ನೋಡಿ ಬೆಳೆದವರು. ಕೋಣ ಓಡಿಸುವವನು ಯಾರೇ ಇರಲಿ, ಮೈಕಿನಲ್ಲಿ ಮೊದಲು ಬರುವುದು ಯಜಮಾನನ ಮನೆ, ಯಜಮಾನನ ಹೆಸರು. ಕಾರಿಗೂ ಅದೇ ಪದ್ಧತಿ. "ಬೀಜಾಡಿ ಪಡುಮನೆ ರೋಹನ್!" ಎಂದು ಕೂಗಿದಾಗ ರೋಹನ್ ಪಕ್ಕದ ಸೀಟಿನಲ್ಲಿ ಕುಳಿತು ಮುಂದಿನ ತಿರುವು ಹೇಳುತ್ತಿದ್ದ. ಸ್ಟೇರಿಂಗ್ ಹಿಡಿದಿದ್ದವನು ಅವನ ಗ್ಯಾರೇಜಿನ ಸೋಮ. "ಒಂದ್ ಸಲ ನಂಗೆ ಕೊಡಾ" ಎಂದು ವಾರವಿಡೀ ಕಾಡಿ ಬೇಡಿದ್ದವನೂ ಅವನೇ.

ಮೂರನೇ ತಿರುವಿನಲ್ಲಿ ಗಾಡಿ ಗದ್ದೆಯ ಬದುವಿಗೆ ಬಡಿದು ಮಗುಚಿತು. ಪೆಟ್ರೋಲಿನ ವಾಸನೆ. ಆಮೇಲೆ ಬೆಂಕಿ. ಜನ ಎಳೆದು ಹಾಕಿದ್ದು ಬಲಬದಿಯವನನ್ನು. "ರೋಹನ್ ಉಳ್ದ! ಡ್ರೈವರ್ ಉಳ್ದ!" ಎಡಬದಿಯ ಬಾಗಿಲು ತೆರೆಯಲೇ ಇಲ್ಲ.

ಆ ಸಂಜೆ ರೋಹನನ ತಾಯಿ ಕುಸುಮಾವತಿ ಓಡಿ ಬಂದರು. ಮಂಚದ ಸರಳು ಹಿಡಿದು ಅತ್ತರು.

"ರೋಹನಾ! ನೀನೊಬ್ಬ ಹೋದ್ರೆ ನಾನೂ ಬದ್ಕುದಿಲ್ಲೆ ಮಗಾ, ತಿಳ್ಕೊ!"

ಅಲ್ಲ, ಅಲ್ಲ ಎಂದು ಸೋಮ ತಲೆ ಆಡಿಸಿದ. ನರ್ಸ್ ಚೇತನಾ ನೋವೆಂದುಕೊಂಡು ಸೂಜಿ ಚುಚ್ಚಿದಳು.

ಮರುದಿನ ಕುಸುಮಾವತಿ ಅಳಲಿಲ್ಲ. ಹೊದಿಕೆ ಸರಿಸಿ, ಬೂಟಿನೊಳಗಿದ್ದು ಸುಡದೆ ಉಳಿದ ಪಾದಗಳನ್ನು ಸವರುತ್ತ ಕುಳಿತರು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಒಂದೊಂದನ್ನೇ, ಬಹಳ ಹೊತ್ತು. ಸೋಮನಿಗೆ ತಾಯಿಯ ನೆನಪಿರಲಿಲ್ಲ. ಅವನ ಪಾದವನ್ನು ಹೀಗೆ ಮುಟ್ಟಿದವರೂ ಯಾರೂ ಇರಲಿಲ್ಲ. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಮಾತು ಕೇಳಿಸಿತು.

"ಔಷಧಿ ಅರ್ಧ ಅಷ್ಟೇ ಅಮ್ಮ. ಬದುಕಬೇಕು ಅಂತ ಅವನಿಗೂ ಅನ್ನಿಸಬೇಕು," ಎಂದರು ಡಾಕ್ಟರು.

"ಹಾಂಗಾರೆ ಇವ್ನಿಗೆ ಎಂತದೂ ಗೊತ್ತಾಪ್ದ್ ಬ್ಯಾಡ," ಎಂದರು ಕುಸುಮಾವತಿ.

"ಚೀಟಿ ಎಂತ ಮಾಡುದ್ ಅಕ್ಕ?" ಚೇತನಾ ಕೇಳಿದಳು.

"ಹಾಂಗೇ ಇರ್ಲಿ ಹೆಣ್ಣೆ."

ಪಕ್ಕದ ಸೀಟಿನವನು ಸತ್ತ ಸುದ್ದಿಯನ್ನು ಮಗನಿಂದ ಮುಚ್ಚಿಡುತ್ತಿದ್ದಾರೆ ಎಂದುಕೊಂಡ ಸೋಮ. ಸತ್ತವನು ಯಾರೆಂದು ಆ ತಾಯಿಗೇ ಗೊತ್ತಿಲ್ಲವಲ್ಲ! ತಾನು ಸತ್ತರೆ ಆಕೆಯ ಮಗ ಸಾಯುತ್ತಾನೆ. ಬದುಕಿದರೆ, ತಾನು ಬಾಯಿ ಬಿಟ್ಟ ದಿನ ಸಾಯುತ್ತಾನೆ. ಬಾಯಿ ಬಿಡದೆ ಬದುಕಿರುವಷ್ಟು ದಿನ ಮಾತ್ರ ಆಕೆಗೆ ಮಗನಿದ್ದಾನೆ.

ಅವನು ಉಸಿರಾಡಿದ. ಉರಿಯುತ್ತಿದ್ದ ಚರ್ಮದೊಳಗೆ, ಬೇರೆಯವನ ಹೆಸರಿನಲ್ಲಿ.

ಕುಸುಮಾವತಿ ದಿನಾ ಕೋಟೇಶ್ವರದಲ್ಲಿ ಬಸ್ಸು ಹತ್ತಿ, ಬ್ರಹ್ಮಾವರ ದಾಟಿ ಬರುತ್ತಿದ್ದರು. ಹಿಡಿಕೆಯ ತೂಕು ಪಾತ್ರೆಯಲ್ಲಿ ಗಂಜಿಯ ತೆಳಿ. ಚೇತನಾ ಅದನ್ನು ಮೂಗಿನ ನಳಿಗೆಯಲ್ಲಿ ಇಳಿಸುವವರೆಗೆ "ಮಗಾ, ಇನ್ನೊಂಚೂರ್" ಎನ್ನುತ್ತಿದ್ದರು.

ನೆಲ ಒರೆಸುವ ಸೀತುವಿಗೆ ಬಾಯಿ ಸುಮ್ಮನಿರದು. "ಹ್ವಾಯ್ ಅಕ್ಕ, ಬೀಜಾಡಿಯವ್ರಾಯ್ಕಂಡ್ ಬರೀ ಗಂಜಿ ತರುದಾ? ನಿಮ್ ಕಡ್ಲಗೆ ಮೀನ್ ಖಾಲಿಯಾ?"

"ಮನಿಯಗೆ ಈಗ ಮೀನ್ ಮಾಡುದಿಲ್ಲೆ."

"ಆನೆಗುಡ್ಡೆ ಪ್ರಸಾದ ಆದ್ರೂ ತನ್ನಿ. ಬಪ್ಪ ದಾರಿಯಗೇ ಇತ್ತಲ್ದಾ?"

"ದೇವಸ್ಥಾನಕ್ಕ್ ಈಗ ಹೋಪುಕಾಗ. ದಿನ ಬರ್ಲಿ."

"ನಿನ್ ಕೆಲ್ಸ ಕಾಣ್ ಸೀತಕ್ಕ," ಚೇತನಾ ಗದರಿದಳು.

ಹರಕೆ ಹೊತ್ತಿದ್ದಾರೆ, ಮಗ ಏಳುವವರೆಗೆ ಮೀನು ಬಿಟ್ಟಿದ್ದಾರೆ, ದೇವರ ಮೇಲೂ ಮುನಿಸಿದ್ದಾರೆ ಎಂದುಕೊಂಡ ಸೋಮ.

ಒಂಬತ್ತನೇ ದಿನ ಜ್ವರ ಏರಿತು. ಕಿಟಕಿಯ ಬೆಳಕು ದೂರ ಸರಿಯಿತು. ಬಿಟ್ಟುಬಿಡೋಣ ಅನ್ನಿಸಿತು. ಬಿಡುವುದು ಸುಲಭವೂ ಇತ್ತು. ಆಗ ಕಿವಿಯ ಪಕ್ಕದಲ್ಲೇ ಕುಸುಮಾವತಿಯ ಉಸಿರು.

"ಹೋಯ್ಬೇಡ ಮಗಾ. ಇನ್ನೊಂದ್ ಸಲ ತಡ್ಕಂಬುಕೆ ನನ್ನಿಂದ ಆತಿಲ್ಲ."

ಗಂಡನನ್ನು ಕಳೆದುಕೊಂಡವರು, ಅದನ್ನೇ ಹೇಳುತ್ತಿದ್ದಾರೆ. ಸೋಮ ಹಲ್ಲು ಕಚ್ಚಿ ಹಿಂದೆ ಬಂದ.

ಹದಿನಾರನೇ ದಿನ ಅವರು ಬರಲಿಲ್ಲ.

ಹತ್ತು ಗಂಟೆಯ ಬಸ್ಸಿಗಿಲ್ಲ. ಹನ್ನೆರಡರದ್ದಕ್ಕೂ ಇಲ್ಲ. ಸೋಮನ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ಯಾರೋ ಹೇಳಿಬಿಟ್ಟಿದ್ದಾರೆ. ಪಡುಮನೆಯಿಂದ ಕಡಲಿಗೆ ನೂರು ಹೆಜ್ಜೆ ಎಂದು ರೋಹನ್ ಹೇಳುತ್ತಿದ್ದ. ನೀನೊಬ್ಬ ಹೋದ್ರೆ ನಾನೂ ಬದ್ಕುದಿಲ್ಲೆ ಎಂದವರು. ನೂರು ಹೆಜ್ಜೆಗೆ ಎಷ್ಟು ಹೊತ್ತು ಬೇಕು?

"ಅವ್ರಿಗಿವತ್ತ್ ಮನಿಯಗೆ ಕೆಲ್ಸ ಇತ್ತ್. ನಾಳೆ ಬತ್ರ್," ಎಂದಳು ಚೇತನಾ, ಅವನ ಕಣ್ಣು ತಪ್ಪಿಸಿ.

ಅವನು ನಂಬಲಿಲ್ಲ.

ಹದಿನೇಳನೇ ದಿನ ಬೆಳಿಗ್ಗೆ ಕೊರಳಿನ ನಳಿಗೆ ತೆಗೆದರು. ಮೆಲ್ಲಗೆ ಮಾತಾಡಬಹುದು, ತೆಳ್ಳಗೆ ಉಣ್ಣಲೂಬಹುದು ಎಂದರು ಡಾಕ್ಟರು. ಇನ್ನು ಸುಮ್ಮನಿರಲು ಸೋಮನಿಗೆ ನೆಪವೇ ಇಲ್ಲ.

ಹತ್ತರ ಬಸ್ಸಿಗೆ ಕುಸುಮಾವತಿ ಬಂದರು. ತಲೆಗೆ ಮಿಂದ ಕೂದಲು ಇನ್ನೂ ಒದ್ದೆ. ಒಂದು ಕೈಯಲ್ಲಿ ತೂಕು ಪಾತ್ರೆ. ಇನ್ನೊಂದರಲ್ಲಿ, ಮೊದಲ ಸಲ, ಬಾಳೆಯೆಲೆಯಲ್ಲಿ ಸುತ್ತಿದ ಪ್ರಸಾದ. ಅದನ್ನು ದಿಂಬಿನ ಬಳಿ ಇಟ್ಟು, ಪಾತ್ರೆಯ ಮುಚ್ಚಳ ತೆಗೆದು, ಗಂಜಿಯನ್ನು ಊದಿ ಆರಿಸಿದರು.

"ಅಮ್ಮಾ..." ಉಸಿರಿಗಿಂತ ತುಸುವೇ ದಪ್ಪವಾದ ದನಿ. "ನಾನ್... ನಾನ್ ರೋಹನ್..."

ಅವರು ಚಮಚವನ್ನು ಅವನ ತುಟಿಗೆ ತಂದರು.

"ಮೊದ್ಲ್ ಗಂಜಿ ಉಣ್ಣ್ ಸೋಮ. ರೋಹನನ ಉತ್ತರಕ್ರಿಯೆ ನಿನ್ನೆ ಮುಗೀತ್."