ಪಕ್ಕದವರು

ದ್ವೀಪದ ಕೊನೆಯ ಕಡಲತೀರ ನೋಡಿ ಎಲ್ಲರೂ ಬಸ್ಸು ಹತ್ತಿದರು. ಪ್ರತಿ ಜಾಗದಲ್ಲೂ ಕೇಳುವಂತೆ ಗೈಡ್ ಕೇಳಿದ, “ನಿಮ್ಮ ನಿಮ್ಮ ಪಕ್ಕದವರು ಬಂದ್ರಾ, ನೋಡ್ಕೊಳ್ಳಿ.”

“ನಮ್ಮ ಯಜಮಾನ್ರು ಬಂದಿಲ್ಲ,” ಎಂದಳು ಕಿಟಕಿಯ ಬಳಿ ಕೂತಿದ್ದ ಹೆಂಗಸು. “ಕಾಲು ತೊಳೆಯೋಕೆ ಬಂಡೆ ಹತ್ರ ಹೋದ್ರು. ಟವೆಲ್ ನನ್ನ ಹತ್ರಾನೇ ಇದೆ.”

ಗೈಡ್ ಓಡಿಹೋಗಿ ನೋಡಿದ. ಉಬ್ಬರದ ನೀರು ಬಂಡೆಗಳನ್ನು ಮುಚ್ಚಿತ್ತು. ಅಲ್ಲಿ ಯಾರೂ ಇರಲಿಲ್ಲ.

“ಕೊನೇ ಬೋಟು ತಪ್ಪಿಹೋಗುತ್ತೆ,” ಎಂದು ಹಿಂದಿನ ಸೀಟಿನವರು ಗೊಣಗಿದರು.

ಮರಳಿ ಬಂದ ಗೈಡ್ ಖಾಲಿ ಸೀಟನ್ನೇ ನೋಡುತ್ತ ನಿಂತ. “ಅಮ್ಮಾ, ಈ ಸೀಟು ಬೆಳಗ್ಗಿನಿಂದ ಖಾಲೀನೇ ಇತ್ತಲ್ವಾ? ನೀವೊಬ್ರೇ ಬಂದಿದ್ದು.”

“ಹೌದಪ್ಪ. ಹೋದ ವರ್ಷವೂ ಇಲ್ಲೇ ಹೀಗೇ ಕೇಳಿದ್ರು. ನಾನು ನಿದ್ದೆಗಣ್ಣಲ್ಲಿ ‘ಬಂದಿದ್ದಾರೆ’ ಅಂದುಬಿಟ್ಟೆ.”