ಒಂದು ಆವರ್ತ ಹೆಚ್ಚು

“ಅಮ್ಮಾ, ಈ ಸಾಲು ತಾಳಕ್ಕೆ ಕೂರ್ತಾನೇ ಇಲ್ಲ. ಮೂರು ಸಲ ಎಣಿಸಿದೆ. ಒಂದು ಆವರ್ತ ಹೆಚ್ಚಿಗೆ ಬರ್ತಿದೆ.”

ಪಂಕಜಾ ಆಗಷ್ಟೇ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ದಿನವಿಡೀ ಅರವತ್ತು ಮಕ್ಕಳ ಮುಂದೆ ಕಿರುಚಿ, ಮಾಗಡಿ ರಸ್ತೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳಿಗೆ ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಆದರೆ ಸೋಮವಾರ ಮಗಳು ಅಂಬುಜಾಗೆ ಕಾಲೇಜು ಶುರು. ಬಿ.ಎ.ಯಲ್ಲಿ ಸಂಗೀತ ಆರಿಸಿಕೊಂಡಿದ್ದಳು. ಬರೀ ಹಾಡಿದರೆ ಸಾಲದು, ಶಾಸ್ತ್ರದ ಪೇಪರೂ ಇದೆ. ಗೊತ್ತಿರುವ ಐದು ಕೀರ್ತನೆಗಳನ್ನು ಸ್ವರ ಹಾಕಿ, ತಾಳಕ್ಕೆ ಗೆರೆ ಎಳೆದು ಬರೆದುಕೊಂಡು ಬನ್ನಿ ಎಂದು ಅಲ್ಲಿಯ ಮೇಡಂ ಮೊದಲೇ ಹೇಳಿದ್ದರು. ಹಾಡುವುದು ಅಂಬುಜಾಗೆ ನೀರು ಕುಡಿದಷ್ಟು ಸಲೀಸು. ಬರೆಯುವುದೇ ಕಬ್ಬಿಣದ ಕಡಲೆ. ಹೇಗೋ ನಾಲ್ಕು ಮುಗಿಸಿದ್ದಳು. ಐದನೆಯದು ಮನೆಯ ಮೂರೂ ಹೆಂಗಸರು ಹಾಡುವ ತೋಡಿ ಕೀರ್ತನೆ.

“ಹೆಚ್ಚಲ್ಲ ಕಣೇ. ಅನುಪಲ್ಲವಿ ಮೊದಲ ಸಾಲು ಆದ್ಮೇಲೆ ಎಂಟು ಎಣಿಕೆ, ಅಂದ್ರೆ ಒಂದು ಪೂರ್ತಿ ಆವರ್ತ, ಬಾಯಿ ಬಿಡದೆ ತಾಳ ಹಾಕ್ಬೇಕು. ಆಮೇಲೆ ಎರಡನೇ ಸಾಲು. ನಮ್ಮನೇಲಿ ಬಾಯಿಂದ ಬಾಯಿಗೆ ಬಂದ ಪಾಠಾಂತರ ಅದು.”

“ಲೈಬ್ರರಿ ಪುಸ್ತಕದಲ್ಲಿ ಹಾಗಿಲ್ಲಮ್ಮ. ನೇರವಾಗಿ ಮುಂದಕ್ಕೆ ಹೋಗತ್ತೆ. ಇಲ್ಲಿ ಯಾಕೆ ನಿಲ್ತೀಯ ಅಂತ ಮೇಡಂ ಕೇಳಿದ್ರೆ ಎಲ್ಲರೆದುರಿಗೆ ಏನು ಹೇಳ್ಲಿ?”

ಪಂಕಜಾಗೆ ರೇಗಿತು. ರಾಜಾಜಿನಗರದ ಈ ಹಜಾರದಲ್ಲಿ ಇಪ್ಪತ್ತು ವರ್ಷದಿಂದ ನಲವತ್ತು ಹುಡುಗಿಯರಿಗಾದರೂ ಆ ಕೀರ್ತನೆ ಹೇಳಿಕೊಟ್ಟಿದ್ದಳು. ಆ ಮೌನದಲ್ಲೇ ಹಾಡಿನ ಗಾಂಭೀರ್ಯ ಇರುವುದು ಎಂದು ಒಬ್ಬೊಬ್ಬರಿಗೂ ವಿವರಿಸಿದ್ದಳು. ಜಲಜಾ ಎಂಬ ಹುಡುಗಿ ಎಷ್ಟು ಹೇಳಿದರೂ ಅಲ್ಲಿ ನಿಲ್ಲಲಿಲ್ಲವೆಂದು, ಪಾಠಾಂತರ ಕೆಡಿಸುವವರು ನನ್ನ ಹತ್ತಿರ ಬರಬೇಡಿ ಎಂದು ಅಟ್ಟಿಬಿಟ್ಟಿದ್ದಳು. ಪಾಪ, ಆ ಹುಡುಗಿ ಅಳುತ್ತಾ ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

“ನನಗೆ ಹೇಳಿಕೊಟ್ಟೋರು ಅಜ್ಜಿ. ಅವರನ್ನೇ ಕೇಳು, ಹೋಗು.”

ಅಜ್ಜಿ ಅನಂತಲಕ್ಷ್ಮಮ್ಮ ಅಲ್ಲೇ ಗೋಡೆಗೊರಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: “ಪಾಠಾಂತರವೂ ಇಲ್ಲ, ಮಣ್ಣೂ ಇಲ್ಲ. ನಿನಗೆ ಇದನ್ನ ಹೇಳಿಕೊಟ್ಟ ವರ್ಷ ನನಗೆ ಉಬ್ಬಸ. ಆ ಸಾಲಿಗೆ ಬರೋ ಹೊತ್ತಿಗೆ ಉಸಿರು ಕಟ್ತಿತ್ತು, ಸುಧಾರಿಸಿಕೊಳ್ಳೋಕೆ ನಿಲ್ಲಿಸ್ತಿದ್ದೆ. ನೀನು ತಾಳ ಬಿಡದೆ ಕಾಯ್ತಿದ್ದೆ ಪಂಕಜಾ.”

“ಒಂದು ಮಾತು ಹೇಳಬಾರದಿತ್ತಾ ಅಮ್ಮ?”

“ಒಂಬತ್ತು ವರ್ಷದ ಮಗು ನೀನು. ಅಮ್ಮ ಸತ್ತೇ ಹೋಗ್ತಾಳೇನೋ ಅಂತ ನನ್ನ ಮುಖ ನೋಡ್ತಾ ನೋಡ್ತಾ ಎಣಿಸ್ತಿದ್ದೆ. ಹಾಡೇ ಹಾಗಿದೆ ಅಂದ್ಕೊಳ್ಳಲಿ ಬಿಡು ಅಂತ ಸುಮ್ಮನಾದೆ.”

ಪಂಕಜಾ ಹೊಸ್ತಿಲ ಪಕ್ಕದಲ್ಲೇ ಕೂತಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿಗೆ ತಾನೂ ಸೇರಿದಳಲ್ಲ! ಅಮ್ಮನ ಉಬ್ಬಸಕ್ಕೆ ಗಾಂಭೀರ್ಯವೆಂದು ಹೆಸರಿಟ್ಟು ಊರಿಗೆಲ್ಲ ಹಂಚಿದ್ದಾಯಿತು. ಜಲಜಾಳ ವಿಷಯದಲ್ಲಿ ಮಾಡಿದ್ದು ಶುದ್ಧ ಅನ್ಯಾಯ. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಬರಲಿಲ್ಲ, ಅಷ್ಟು ಸುಸ್ತಾಗಿತ್ತು.

“ಪುಸ್ತಕದಲ್ಲಿ ಇರೋ ಹಾಗೇ ಬರಿ,” ಎಂದಳು.

ಅಂಬುಜಾ ರಬ್ಬರಿನಿಂದ ಅಳಿಸಿ ಹೊಸದಾಗಿ ಗೆರೆ ಎಳೆದಳು. ಈ ಸಲ ಲೆಕ್ಕ ಕೂತಿತು. ಬರೆದದ್ದು ಸರಿಯಿದೆಯೋ ಇಲ್ಲವೋ ನೋಡಲು ಹಾಡತೊಡಗಿದಳು. ಪಂಕಜಾ ತೊಡೆಯ ಮೇಲೆ ತಾಳ ಹಾಕಿದಳು. ಮೊದಲ ಸಾಲು ಮುಗಿಯಿತು. ಅಂಬುಜಾ ನಿಲ್ಲದೆ ಎರಡನೆಯದಕ್ಕೆ ಹೋದಳು. ಅರ್ಧಕ್ಕೆ ಬರುವಷ್ಟರಲ್ಲಿ ದನಿ ಸಣ್ಣಗಾಗಿ ನಿಂತುಹೋಯಿತು. ಇನ್ನೊಮ್ಮೆ ಮೊದಲಿನಿಂದ ಹಾಡಿದಳು, ಅಲ್ಲೇ ನಿಂತಿತು.

ಅವಳು ಪೆನ್ಸಿಲ್ಲನ್ನು ಪುಸ್ತಕದ ಮೇಲಿಟ್ಟು ಅಮ್ಮನ ಮುಖ ನೋಡಿದಳು.

“ಬರೆಯೋಕೆ ಸರಿಹೋಯ್ತಮ್ಮ. ಹಾಡೋಕೆ ಉಸಿರು ಸಾಲ್ತಿಲ್ಲ.”